ಮೈದಾನದ ನಡುವೆ ನಿಂತವನು

ಫುಟ್‌ಬಾಲ್‌ನಲ್ಲಿ ಗೋಲು ಹೊಡೆದವನ ಹೆಸರು ಮನೆಮಾತಾಗುತ್ತದೆ. ನಡುವೆ ನಿಂತು ಚೆಂಡು ಹಂಚುವ ಮಿಡ್‌ಫೀಲ್ಡರನನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ, ಮದುವೆ ಮನೆಯಲ್ಲಿ ಬಡಿಸುವವನ ಹಾಗೆ.

ಸ್ಪೇನ್‌ನ ಶಾಬಿ ಅಲೊನ್ಸೊ ಅಂಥ ಆಟಗಾರ. ತಂದೆ ಪೆರಿಕೊ ಕೂಡ ಮಿಡ್‌ಫೀಲ್ಡರೇ. ಕಾಲಡಿಗೆ ಜಾರಿ ಚೆಂಡು ಕಸಿಯುವುದು ಈ ಮಗನಿಗೆ ಹೆಮ್ಮೆಯ ವಿದ್ಯೆಯಲ್ಲ, ಕೊನೆಯ ಉಪಾಯ. ಮೊದಲೇ ಸರಿಯಾದ ಜಾಗದಲ್ಲಿ ನಿಂತಿದ್ದರೆ ಜಾರುವ ಪ್ರಮೇಯವೆಲ್ಲಿ?

2005ರ ಇಸ್ತಾಂಬುಲ್. ಚಾಂಪಿಯನ್ಸ್ ಲೀಗ್ ಫೈನಲ್. ಅರ್ಧ ಆಟಕ್ಕೆ ಮಿಲಾನ್ ಮೂರು, ಅಲೊನ್ಸೊ ಆಡುತ್ತಿದ್ದ ಲಿವರ್‌ಪೂಲ್ ಸೊನ್ನೆ. ವಿರಾಮದ ನಂತರ ಲಿವರ್‌ಪೂಲ್ ಎರಡು ಗೋಲು ಹಿಂತಿರುಗಿಸಿತು. ಆಗ ಪೆನಾಲ್ಟಿ. ಅಲೊನ್ಸೊ ಒದ್ದ ಚೆಂಡನ್ನು ಗೋಲ್‌ಕೀಪರ್ ದೀದಾ ತಡೆದೇಬಿಟ್ಟರು. ತಲೆ ಮೇಲೆ ಕೈಹೊತ್ತು ನಿಲ್ಲಬಹುದಿತ್ತು. ನಿಲ್ಲಲಿಲ್ಲ, ಪುಟಿದು ಬಂದ ಚೆಂಡನ್ನು ಎಡಗಾಲಿಂದ ಬಲೆಗೆ ಅಟ್ಟಿದರು. ಕಪ್ ಕೊನೆಗೆ ಲಿವರ್‌ಪೂಲ್ ಪಾಲಾಯಿತು.

ವಿಶ್ವಕಪ್ಪೂ ಬಂತು, 2010ರಲ್ಲಿ. 2017ರಲ್ಲಿ ನಿವೃತ್ತಿ. ಆಮೇಲಿನದೇ ನನಗೆ ಇಷ್ಟ. ಇಷ್ಟು ದೊಡ್ಡ ಹೆಸರಿನವರು ರಿಯಲ್ ಮ್ಯಾಡ್ರಿಡ್‌ನ ಚಿಕ್ಕ ಹುಡುಗರಿಗೆ ಕಲಿಸಿದರು. ಬಳಿಕ ತವರಿನ ರಿಯಲ್ ಸೊಸಿಯೆದಾದ್‌ನ ಎರಡನೇ ತಂಡ. ಅದು 2021ರಲ್ಲಿ ಮೇಲಿನ ದರ್ಜೆಗೇರಿತು, ಮರುವರ್ಷವೇ ಕೆಳಗಿಳಿಯಿತು. ಆ ಏರಿಳಿತದುದ್ದಕ್ಕೂ ಅವರು ಜೊತೆಗಿದ್ದರು.

2022ರ ಅಕ್ಟೋಬರ್‌ನಲ್ಲಿ ಜರ್ಮನಿಯ ಲೆವರ್ಕುಸನ್ ತಂಡ ತರಬೇತಿಗೆ ಕರೆಯಿತು. ಪಟ್ಟಿಯಲ್ಲಿ ಕೊನೆಯಿಂದ ಎರಡನೇ ಸ್ಥಾನ; ಲೀಗ್ ಗೆಲ್ಲಲಾಗದ ತಂಡವೆಂದು ಊರೆಲ್ಲ ನಗುತ್ತಿತ್ತು. ಮುಂದಿನ ಋತುವಿನಲ್ಲಿ ಅದೇ ತಂಡ 34 ಲೀಗ್ ಪಂದ್ಯಗಳಲ್ಲಿ 28 ಗೆದ್ದು, 6 ಡ್ರಾ ಮಾಡಿಕೊಂಡು, ಒಂದನ್ನೂ ಸೋಲದೆ ಚಾಂಪಿಯನ್ ಆಯಿತು. ಎಷ್ಟೋ ಗೋಲುಗಳು ಬಂದದ್ದು, ಪ್ರೇಕ್ಷಕರು ಎದ್ದು ಹೊರಡುವ ಹೊತ್ತಿನಲ್ಲಿ.