ತವರಿನ ಹೆಸರು ಹಿಡಿದು ಹೊರಟರೆ: ಸ್ಕಾಟ್ಲೆಂಡ್‌ನ ಜನನ, ಮದುವೆ, ಮರಣ ದಾಖಲೆಗಳು

ಷರ್ಲಾಕ್ ಹೋಮ್ಸ್ ಕಥೆಗಳನ್ನು ಬರೆದವರು ಆರ್ಥರ್ ಕಾನನ್ ಡಾಯ್ಲ್. ಇದರಲ್ಲಿ ಡಾಯ್ಲ್ ಅನ್ನೋದು ಅಪ್ಪನ ಮನೆತನದ ಹೆಸರು. ನಡುವೆ ಇರುವ ಕಾನನ್ ಯಾರದು? ಅದು ಅವರ ಅಜ್ಜಿಯ ತವರಿನ ಹೆಸರು. ಅಪ್ಪ ಚಾರ್ಲ್ಸ್ ಡಾಯ್ಲ್ ಅವರ ತಾಯಿ ಮರಿಯಾನಾ ಕಾನನ್. ಆಕೆಯ ಸೋದರ ಮೈಕೆಲ್ ಕಾನನ್ ಈ ಮಗುವಿನ ಗಾಡ್‌ಫಾದರ್ ಆದರು, ಹೆಸರೂ ಜೊತೆಯಲ್ಲಿ ಬಂತು. ಇನ್ನೊಬ್ಬರು ಬ್ರಿಟನ್ನಿನ ಲೇಬರ್ ಪಕ್ಷವನ್ನು ಕಟ್ಟಿದ ಕೀರ್ ಹಾರ್ಡಿ. 1907ರಲ್ಲಿ ಭಾರತಕ್ಕೂ ಬಂದು ಹೋದವರು. ಅವರ ಹೆಸರಿನ ಕೀರ್, ತಾಯಿ ಮೇರಿ ಕೀರ್ ಅವರಿಂದ ಬಂದದ್ದು.

ಸ್ಕಾಟ್ಲೆಂಡ್‌ನ ಮನೆತನಗಳನ್ನು ಹುಡುಕುವವರಿಗೆ ನಾನು ಮೊದಲು ಹೇಳೋದು ಇದನ್ನೇ. ತಂದೆಯ ಹೆಸರಿನ ಹಿಂದೆ ಮಾತ್ರ ಓಡಬೇಡಿ, ತವರಿನ ಹೆಸರು ಹಿಡಿಯಿರಿ. ಆ ದೇಶದ ಸರ್ಕಾರಿ ದಾಖಲೆಗಳು ಹೆಂಗಸರ ಹೆಸರನ್ನು ಉಳಿಸಿಕೊಂಡಷ್ಟು ಚೆನ್ನಾಗಿ ಪಕ್ಕದ ಇಂಗ್ಲೆಂಡ್‌ನ ದಾಖಲೆಗಳು ಉಳಿಸಿಕೊಂಡಿಲ್ಲ. ಗ್ಲಾಸ್ಗೋಗೋ ಎಡಿನ್‌ಬರೋಗೋ ಹೋಗಿ ಅಲ್ಲಿನ ಕುಟುಂಬಗಳ ಜೊತೆ ಸಂಬಂಧ ಬೆಳೆಸಿದ ಕನ್ನಡಿಗರಿದ್ದೀರಿ. ವಂಶದಲ್ಲಿ ಒಬ್ಬ ಸ್ಕಾಟಿಷ್ ಮುತ್ತಜ್ಜ ಇದ್ದಾರೆ ಅಂತ ಕೇಳಿ ಬೆಳೆದ ಆಂಗ್ಲೋ ಇಂಡಿಯನ್ ಮನೆಗಳವರೂ ಇದ್ದೀರಿ. ನಿಮಗೆಲ್ಲ ಇವತ್ತಿನ ಮಾತು ಉಪಯೋಗಕ್ಕೆ ಬರುತ್ತೆ.

ಒಂದು ಇಸವಿ ನೆನಪಿಟ್ಟುಕೊಳ್ಳಿ: 1855. ಆ ವರ್ಷದ ಜನವರಿ 1ರಿಂದ ಸ್ಕಾಟ್ಲೆಂಡ್‌ನಲ್ಲಿ ಪ್ರತಿ ಜನನ, ಮದುವೆ, ಮರಣವನ್ನು ಸರ್ಕಾರದ ಮುಂದೆ ನೋಂದಾಯಿಸೋದು ಕಡ್ಡಾಯವಾಯಿತು. ಇಂಗ್ಲೆಂಡ್‌ನಲ್ಲಿ ಇದು 1837ರಲ್ಲೇ ಶುರುವಾಗಿತ್ತು. ಅದಕ್ಕೂ ಮುಂಚೆ ಸ್ಕಾಟ್ಲೆಂಡ್‌ನಲ್ಲಿ ಇದ್ದದ್ದು ಚರ್ಚುಗಳ ಹಳೆಯ ಪ್ಯಾರಿಷ್ ಪುಸ್ತಕಗಳು. ಉಳಿದವುಗಳಲ್ಲಿ ಅತಿ ಹಳೆಯದು ಪರ್ತ್‌ಷೈರ್‌ನ ಎರಲ್ ಊರಿನದು, 1553ರದು. ಆದರೆ ಎಲ್ಲ ಊರುಗಳ ಪುಸ್ತಕ ಅಷ್ಟು ಹಿಂದಕ್ಕೆ ಹೋಗಲ್ಲ. ಮೇಲಾಗಿ 1843ರಲ್ಲಿ ಚರ್ಚ್ ಆಫ್ ಸ್ಕಾಟ್ಲೆಂಡ್ ಒಡೆದು ಫ್ರೀ ಚರ್ಚ್ ಹುಟ್ಟಿತು, ಎಷ್ಟೋ ಕುಟುಂಬಗಳು ಹಳೆಯ ಪುಸ್ತಕಗಳಿಂದ ಹೊರಗುಳಿದವು. ಜನಸಂಖ್ಯೆಯ ಲೆಕ್ಕಕ್ಕೆ, ಆಸ್ತಿ ಹಕ್ಕಿಗೆ ಈ ಪುಸ್ತಕಗಳನ್ನು ನಂಬಿ ಕೂರುವಂತಿರಲಿಲ್ಲ. ಹಾಗಾಗಿ 1854ರಲ್ಲಿ ಕಾನೂನು ಬಂತು.

ತಡವಾಗಿ ಬಂದವರು ಕೆಲಸವನ್ನು ಮಾತ್ರ ಅಚ್ಚುಕಟ್ಟಾಗಿ ಮಾಡಿದರು. 1855ರ ಒಂದು ಮರಣ ದಾಖಲೆ ತೆಗೆದರೆ ನಿಮಗೆ ಆಶ್ಚರ್ಯವಾಗುತ್ತೆ. ಸತ್ತವರು ಹುಟ್ಟಿದ್ದು ಎಲ್ಲಿ, ಆ ಊರಿಗೆ ಬಂದು ಎಷ್ಟು ವರ್ಷವಾಯಿತು, ತಂದೆ ಯಾರು, ಏನು ಕೆಲಸ, ತಾಯಿ ಯಾರು, ಅವಳ ತವರಿನ ಹೆಸರೇನು, ಗಂಡ ಅಥವಾ ಹೆಂಡತಿ ಯಾರು, ಮಕ್ಕಳು ಎಷ್ಟು, ಅವರ ಹೆಸರು, ವಯಸ್ಸು, ತೀರಿಕೊಂಡ ಮಕ್ಕಳಿದ್ದರೆ ಯಾವಾಗ ತೀರಿಕೊಂಡರು, ಎಲ್ಲಿ ಹೂಳಿದರು, ಇಷ್ಟನ್ನೂ ಕೇಳಿದ್ದಾರೆ. ಜನನ ದಾಖಲೆಯಲ್ಲೂ ತಂದೆತಾಯಿಯ ವಯಸ್ಸು, ಅವರು ಹುಟ್ಟಿದ ಊರು, ಮದುವೆಯಾದ ದಿನ ಮತ್ತು ಸ್ಥಳ, ಈ ಮಗುವಿಗಿಂತ ಮೊದಲು ಹುಟ್ಟಿದ ಮಕ್ಕಳ ಲೆಕ್ಕ ಇದೆ. ಒಂದೇ ಹಾಳೆಯಲ್ಲಿ ಒಂದು ಕುಟುಂಬವೇ ಕೂತಿರುತ್ತೆ.

ಇಷ್ಟೆಲ್ಲ ಬರೆಯೋದು ರಿಜಿಸ್ಟ್ರಾರ್‌ಗಳಿಗೆ ಭಾರವಾಯಿತು. 1856ರಲ್ಲಿ ಕಾಲಂಗಳನ್ನು ಕಡಿತ ಮಾಡಿದರು. 1861ರಲ್ಲಿ ಮತ್ತೆ ಸ್ವಲ್ಪ ಬದಲಾವಣೆ: ಜನನ ದಾಖಲೆಗೆ ತಂದೆತಾಯಿಯ ಮದುವೆಯ ದಿನ, ಸ್ಥಳ ವಾಪಸ್ ಬಂತು, ಮರಣ ದಾಖಲೆಗೆ ಗಂಡ ಅಥವಾ ಹೆಂಡತಿಯ ಹೆಸರು ವಾಪಸ್ ಬಂತು. ಹೂಳಿದ ಜಾಗದ ವಿವರ ಮಾತ್ರ ಅಲ್ಲಿಗೇ ನಿಂತಿತು.

ಈ ಸಣ್ಣ ಬದಲಾವಣೆಗಳನ್ನು ತಿಳಿದಿರೋದು ಯಾಕೆ ಮುಖ್ಯ? ಕಾನನ್ ಡಾಯ್ಲ್ ಅವರನ್ನೇ ನೋಡಿ. ಅವರ ತಂದೆತಾಯಿ ಚಾರ್ಲ್ಸ್ ಡಾಯ್ಲ್ ಮತ್ತು ಮೇರಿ ಫೋಲಿ ಮದುವೆಯಾದದ್ದು ಎಡಿನ್‌ಬರೋದಲ್ಲಿ, 1855ರ ಜುಲೈ 31ರಂದು. ಮಗ ಹುಟ್ಟಿದ್ದು 1859ರ ಮೇ 22ರಂದು, ಪಿಕಾರ್ಡಿ ಪ್ಲೇಸ್‌ನಲ್ಲಿ. 1859 ಅಂದರೆ ಕಡಿತದ ಕಾಲ. ಆಗಿನ ಜನನ ನಮೂನೆಯಲ್ಲಿ ತಂದೆತಾಯಿಯ ಮದುವೆಯ ದಿನಾಂಕಕ್ಕೆ ಕಾಲಮ್ಮೇ ಇಲ್ಲ. ಇಂಥ ಕಡೆ ಏನು ಮಾಡಬೇಕು? ಅದೇ ದಂಪತಿಗೆ 1861ರ ನಂತರ ಹುಟ್ಟಿದ ಮಗುವಿನ ದಾಖಲೆ ಹುಡುಕಬೇಕು. ತಮ್ಮನ ಪತ್ರ ಅಣ್ಣನ ಪ್ರಶ್ನೆಗೆ ಉತ್ತರ ಕೊಡುತ್ತೆ. ನಿಮ್ಮ ನೇರ ಪೂರ್ವಜರ ದಾಖಲೆಯೊಂದನ್ನೇ ತೆಗೆದು ಸುಮ್ಮನಾಗಬೇಡಿ, ಒಡಹುಟ್ಟಿದವರದನ್ನೂ ತೆಗೆಯಿರಿ. ಹಣ ಸ್ವಲ್ಪ ಹೆಚ್ಚು ಖರ್ಚಾಗುತ್ತೆ ನಿಜ, ಆದರೆ ಈ ಹುಡುಕಾಟದಲ್ಲಿ ಇದಕ್ಕಿಂತ ಸಾರ್ಥಕವಾದ ಖರ್ಚು ಬೇರೆ ಇಲ್ಲ.

ಈಗ ಮೂರು ದಾಖಲೆಗಳಲ್ಲಿ ಎಲ್ಲಿಂದ ಶುರು ಮಾಡೋದು? ಎಲ್ಲರೂ ಜನನದಿಂದ ಹೊರಡ್ತಾರೆ. ನಾನು ಮರಣದಿಂದ ಹೊರಡಿ ಅಂತೀನಿ. ಇಂಗ್ಲೆಂಡ್‌ನ ಹಳೆಯ ಮರಣ ಪತ್ರದಲ್ಲಿ ಸತ್ತವರ ತಂದೆತಾಯಿಯ ಹೆಸರು ಇರಲ್ಲ. ಸ್ಕಾಟ್ಲೆಂಡ್‌ನದರಲ್ಲಿ ಇಬ್ಬರದೂ ಇರುತ್ತೆ, ತಾಯಿಯ ತವರಿನ ಹೆಸರಿನ ಸಮೇತ. ಯೋಚನೆ ಮಾಡಿ, 1855ರಲ್ಲಿ ಎಂಬತ್ತು ವರ್ಷದ ಅಜ್ಜಿಯೊಬ್ಬಳು ತೀರಿಕೊಂಡಳು ಅಂದರೆ ಅವಳು ಹುಟ್ಟಿದ್ದು ಸುಮಾರು 1775ರಲ್ಲಿ. ಅವಳ ಅಮ್ಮ ಯಾವ ಮನೆತನದವಳು ಅನ್ನೋದು ಆ ಸಾಲಿನಲ್ಲಿ ಸಿಕ್ಕಿದರೆ ಹದಿನೆಂಟನೆಯ ಶತಮಾನದ ನಡುವಿಗೆ ಹೋಗಿಬಿಟ್ಟಿರಿ, ನೋಂದಣಿಯೇ ಇಲ್ಲದ ಕಾಲಕ್ಕೆ.

ಇಲ್ಲೊಂದು ಎಚ್ಚರಿಕೆ ಬೇಕು. ಪ್ರತಿ ನಮೂದಿನಲ್ಲೂ ಮಾಹಿತಿ ಕೊಟ್ಟವರ ಸಹಿ ಇರುತ್ತೆ, ಓದು ಬರಹ ಬಾರದಿದ್ದರೆ ಒಂದು ಕತ್ತರಿ ಗುರುತು. ಮೊದಲು ಅಲ್ಲಿಗೆ ಕಣ್ಣು ಹಾಯಿಸಿ. ಮರಣವನ್ನು ಹೇಳಲು ಹೋದವರು ಗಂಡನೋ, ಮಗಳೋ, ಅಳಿಯನೋ, ಪಕ್ಕದ ಮನೆಯವರೋ? ಮಗಳಿಗೆ ತನ್ನ ಅಜ್ಜಿಯ ತವರು ಗೊತ್ತಿರುತ್ತೆ. ಅಳಿಯನಿಗೆ ಅತ್ತೆಯ ತಾಯಿಯ ಹೆಸರು ಎಷ್ಟು ಗೊತ್ತಿದ್ದೀತು? ಅವನು ಅಂದಾಜಿಗೆ ಒಂದು ಹೆಸರು ಹೇಳಿರಬಹುದು, ಅಥವಾ ಆ ಕಾಲಂ ಖಾಲಿ ಬಿಟ್ಟಿರಬಹುದು. ರಿಜಿಸ್ಟ್ರಾರ್ ಬರೆದದ್ದು ಎದುರಿಗೆ ನಿಂತವರು ಹೇಳಿದ್ದನ್ನು. ಹಾಗಾಗಿ ಮರಣ ದಾಖಲೆಯಲ್ಲಿ ಸಿಕ್ಕ ತಾಯಿಯ ಹೆಸರನ್ನು ಮದುವೆ ದಾಖಲೆಯ ಜೊತೆ ಹೋಲಿಸಿ ನೋಡಿ. ಮದುವೆಯ ದಿನ ಹೆಸರು ಹೇಳಿದ್ದು ಸ್ವತಃ ಅವರೇ.

ಮದುವೆ ದಾಖಲೆ ನನಗೆ ಬಹಳ ಇಷ್ಟ. ವಧು ವರ ಇಬ್ಬರ ತಂದೆಯರೂ ತಾಯಂದಿರೂ ಅಲ್ಲಿ ಇದ್ದಾರೆ. ಇಂಗ್ಲೆಂಡ್‌ನ ಮದುವೆ ಪತ್ರದಲ್ಲಿ ತಾಯಂದಿರಿಗೆ ಜಾಗ ಸಿಕ್ಕಿದ್ದು 2021ರಲ್ಲಿ! ಸ್ಕಾಟ್ಲೆಂಡ್‌ನದರಲ್ಲಿ ಅವರು 1855ರಿಂದಲೇ ಇದ್ದಾರೆ. ತಂದೆತಾಯಿ ಆಗ ಬದುಕಿರದಿದ್ದರೆ ಹೆಸರಿನ ಪಕ್ಕ ಮೃತರು ಅಂತ ಬರೆದಿರುತ್ತೆ. ಇದನ್ನು ಸುಮ್ಮನೆ ಬಿಡಬೇಡಿ. ಅಕ್ಕನ ಮದುವೆ 1868ರಲ್ಲಿ ಆದಾಗ ಅಪ್ಪ ಬದುಕಿದ್ದಾರೆ, ತಂಗಿಯ ಮದುವೆ 1872ರಲ್ಲಿ ಆದಾಗ ಮೃತರು ಅಂತಿದೆ ಅಂದುಕೊಳ್ಳಿ. ಅಪ್ಪನ ಮರಣವನ್ನು ಆ ನಾಲ್ಕು ವರ್ಷಗಳಲ್ಲಿ ಹುಡುಕಿದರೆ ಸಾಕು. ಒಂದೇ ಊರಿನಲ್ಲಿ ಹತ್ತು ಜನ ಜಾನ್ ಮ್ಯಾಕ್‌ಡೊನಾಲ್ಡ್‌ಗಳು ಇರುವಾಗ ಈ ಒಂದು ಪದ ಎಷ್ಟು ದೊಡ್ಡ ಉಪಕಾರ ಅನ್ನೋದು ಹುಡುಕಿದವರಿಗೇ ಗೊತ್ತು.

ಕೆಲವು ಮದುವೆಗಳಲ್ಲಿ ಪಾದ್ರಿಯ ಹೆಸರು ಇರಲ್ಲ. ಇಬ್ಬರು ಸಾಕ್ಷಿಗಳ ಮುಂದೆ ಘೋಷಣೆ ಮಾಡಿಕೊಂಡರು, ಶೆರಿಫ್ ಎಂಬ ನ್ಯಾಯಾಧೀಶರ ವಾರಂಟ್ ಇದೆ, ಇಂತಹ ದಿನಾಂಕ ಅಂತ ಇರುತ್ತೆ. ಓಡಿಹೋಗಿ ಆದ ಮದುವೆ ಅಂತ ಗಾಬರಿ ಬೀಳಬೇಡಿ. ಓಡಿಬಂದ ಜೋಡಿಗಳ ಮದುವೆಗೆ ಗ್ರೆಟ್ನಾ ಗ್ರೀನ್ ಎಂಬ ಊರು ಹೆಸರಾದದ್ದು ಪಾದ್ರಿಯಿಲ್ಲದ ಮದುವೆಯನ್ನೂ ಒಪ್ಪುವ ಇದೇ ಕಾನೂನಿನಿಂದ, ನಿಜ. ಆದರೆ ಗ್ಲಾಸ್ಗೋದಂಥ ನಗರಗಳಲ್ಲಿ ಸಾಮಾನ್ಯ ಕೆಲಸಗಾರರೂ ಬೇಗ ಆಗುತ್ತೆ ಅಂತ ಇದನ್ನೇ ಆರಿಸಿಕೊಳ್ಳುತ್ತಿದ್ದರು. 1940ರ ಜುಲೈ 1ರವರೆಗೆ ಇದು ಪೂರ್ಣ ಕಾನೂನುಬದ್ಧ ಮದುವೆ.

ಇನ್ನು ಜನನ. ಇಸವಿ, ದಿನ ಮಾತ್ರವಲ್ಲ, ಹುಟ್ಟಿದ ಗಂಟೆ ನಿಮಿಷವೂ ಅಲ್ಲಿದೆ. ತಾಯಿಯ ತವರಿನ ಹೆಸರಂತೂ ಇದ್ದೇ ಇದೆ. ತಂದೆಯ ಕಾಲಂ ಖಾಲಿ ಇದ್ದರೆ ಆಗ ನಿಧಾನವಾಗಿ ಓದಬೇಕು. ಮದುವೆಯಾಗದ ತಾಯಿಯ ಮಗುವಾದರೆ, ತಂದೆ ತಾನೇ ಬಂದು ತಾಯಿಯ ಜೊತೆ ಸಹಿ ಹಾಕಿದರೆ ಮಾತ್ರ ಅವನ ಹೆಸರು ಬರೆಯುತ್ತಿದ್ದರು. ಮಗುವಿನ ಹೆಸರಿನ ಕೆಳಗೆ ಅಕ್ರಮ ಸಂತಾನ ಅಂತ ಬರೆಯುವ ಪದ್ಧತಿ 1919ರವರೆಗೂ ನಡೆಯಿತು. ಒಂದು ಕೂಸಿಗೆ ಜೀವನಪೂರ್ತಿ ಅಂಟಿಕೊಳ್ಳುವ ಆ ಪದವನ್ನು ಓದುವಾಗ ಇವತ್ತಿಗೂ ಸಂಕಟವಾಗುತ್ತೆ. ಕೀರ್ ಹಾರ್ಡಿ ಹುಟ್ಟಿದ್ದು 1856ರ ಆಗಸ್ಟ್ 15ರಂದು, ಮನೆಗೆಲಸದ ಮೇರಿ ಕೀರ್ ಅವರಿಗೆ, ಆಗ ಆಕೆಗೆ ಮದುವೆಯಾಗಿರಲಿಲ್ಲ. ಮುಂದೆ ತಾಯಿ ಡೇವಿಡ್ ಹಾರ್ಡಿ ಎಂಬ ಹಡಗಿನ ಬಡಗಿಯನ್ನು ಮದುವೆಯಾದರು, ಮಗ ಆ ಹೆಸರನ್ನೂ ಸೇರಿಸಿಕೊಂಡ. ಹಾರ್ಡಿ ಅನ್ನೋ ಹೆಸರು ಹಿಡಿದು ಆ ಜನನವನ್ನು ಹುಡುಕಿದರೆ ದಾರಿ ತಪ್ಪುತ್ತೆ. ಅಲ್ಲೂ ದಾರಿ ತೋರಿಸೋದು ತಾಯಿಯ ಹೆಸರು.

ನಮೂದಿನ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಏನಾದರೂ ಬರೆದಿದ್ದರೆ ಖಂಡಿತ ನೋಡಿ. ಅದು ತಿದ್ದುಪಡಿಗಳ ಪ್ರತ್ಯೇಕ ಪುಸ್ತಕಕ್ಕೆ ಕೈಮರ. ಮಗುವಿನ ತಂದೆ ಇವನೇ ಅಂತ ತಾಯಿ ಶೆರಿಫ್ ನ್ಯಾಯಾಲಯದಲ್ಲಿ ಸಾಧಿಸಿದ್ದರೆ ಆ ತೀರ್ಪು ಅಲ್ಲಿರುತ್ತೆ. ಗಣಿಯಲ್ಲೋ ರೈಲಿನಲ್ಲೋ ಅಪಘಾತವಾಗಿ ಸತ್ತಿದ್ದರೆ ಪ್ರೊಕ್ಯುರೇಟರ್ ಫಿಸ್ಕಲ್ ಎಂಬ ಅಧಿಕಾರಿಯ ತನಿಖೆಯಲ್ಲಿ ಕಂಡ ಸಾವಿನ ಕಾರಣ ಅಲ್ಲಿರುತ್ತೆ. ಎಷ್ಟೋ ಜನ ಮೂಲ ಹಾಳೆ ನೋಡಿ ಮುಗಿಯಿತು ಅಂತ ಎದ್ದುಬಿಡ್ತಾರೆ.

ಇವೆಲ್ಲ ಇರೋದು ಎಡಿನ್‌ಬರೋದ ನ್ಯೂ ರಿಜಿಸ್ಟರ್ ಹೌಸ್‌ನಲ್ಲಿ. ಗುಮ್ಮಟದ ಕೆಳಗೆ ಸಾಲು ಸಾಲು ಸಂಪುಟಗಳು: ಜನನಕ್ಕೆ ಕೆಂಪು, ಮದುವೆಗೆ ಹಸಿರು, ಮರಣಕ್ಕೆ ಕಪ್ಪು. ನೀವು ಅಲ್ಲಿಗೆ ಹೋಗಲೇಬೇಕಿಲ್ಲ. ಸ್ಕಾಟ್‌ಲ್ಯಾಂಡ್ಸ್‌ಪೀಪಲ್ ಎಂಬ ಸರ್ಕಾರದ್ದೇ ಆದ ಜಾಲತಾಣದಲ್ಲಿ ಹೆಸರು ಹುಡುಕಲು ದುಡ್ಡಿಲ್ಲ, ಮೂಲ ಹಾಳೆಯ ಚಿತ್ರ ನೋಡಲು ಕ್ರೆಡಿಟ್ ಕೊಳ್ಳಬೇಕು. ಖಾಸಗಿತನಕ್ಕಾಗಿ ಒಂದು ಮಿತಿ ಇದೆ. ಮನೆಯಿಂದ ನೋಡಲು ಸಿಗೋದು 100 ವರ್ಷ ದಾಟಿದ ಜನನ, 75 ವರ್ಷ ದಾಟಿದ ಮದುವೆ, 50 ವರ್ಷ ದಾಟಿದ ಮರಣದ ಚಿತ್ರಗಳು.

ಹುಡುಕುವಾಗ ಮೂರು ವಿಷಯ ಸಹಾಯಕ್ಕೆ ಬರುತ್ತೆ. ಮದುವೆಯಾದ ಹೆಂಗಸಿನ ಮರಣವನ್ನು ಗಂಡನ ಮನೆತನದ ಹೆಸರಲ್ಲೂ ತವರಿನ ಹೆಸರಲ್ಲೂ ಸೂಚಿಯಲ್ಲಿ ಸೇರಿಸಿದ್ದಾರೆ. ಎರಡನ್ನೂ ಒಟ್ಟಿಗೆ ಹಾಕಿ ಹುಡುಕಿದರೆ ಸಾವಿರಾರು ಮೇರಿಯರ ನಡುವೆ ನಿಮ್ಮ ಮೇರಿ ಸಿಗ್ತಾಳೆ. ಆಮೇಲೆ ಹೆಸರಿನ ರೂಪಗಳು. ಜೆಸ್ಸಿ ಅಂತ ಕರೆಸಿಕೊಂಡವಳು ದಾಖಲೆಯಲ್ಲಿ ಜ್ಯಾನೆಟ್ ಆಗಿರಬಹುದು, ಇಸಬೆಲ್ಲಾ ಎಲಿಜಬೆತ್ ಆಗಿರಬಹುದು. ಮೂರನೆಯದು ಹೆಸರಿಡುವ ಪದ್ಧತಿ. ನಮ್ಮ ಹಳೆಯ ಮನೆಗಳಲ್ಲಿ ಮೊಮ್ಮಗನಿಗೆ ತಾತನ ಹೆಸರು ಇಡ್ತಿದ್ದ ಹಾಗೆ ಅಲ್ಲೂ ಹಿರಿಯ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು, ಹಿರಿಯ ಮಗಳಿಗೆ ಅಮ್ಮನ ಅಮ್ಮನ ಹೆಸರು. ಎಲ್ಲರೂ ಪಾಲಿಸಿದರು ಅಂತಲ್ಲ, ಸುಳಿವಾಗಿ ಒಳ್ಳೆಯದು. ನಡುವಿನ ಹೆಸರೂ ಅಷ್ಟೇ, ಸುಳಿವು ಮಾತ್ರ. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಎಡಿನ್‌ಬರೋದವರೇ, ಆದರೆ ಅವರ ಗ್ರಹಾಂ ಅಜ್ಜಿಯ ಮನೆತನದ್ದಲ್ಲ. ಕುಟುಂಬದ ಸ್ನೇಹಿತರೊಬ್ಬರ ಮೇಲಿನ ಅಭಿಮಾನದಿಂದ ಹುಡುಗನಾಗಿದ್ದಾಗ ಸೇರಿಸಿಕೊಂಡದ್ದು.

ಕೊನೆಯದಾಗಿ ನಮ್ಮ ಕಡೆಯ ಮಾತು. ಬೆಂಗಳೂರಿನ ದಂಡುಪ್ರದೇಶಕ್ಕೆ, ಕೊಡಗು ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಬಂದ ಸ್ಕಾಟಿಷ್ ಜನ ಇಲ್ಲೇ ಮದುವೆಯಾದರು, ಇಲ್ಲೇ ಮಣ್ಣಾದರು. ಅಂಥವರನ್ನು ಎಡಿನ್‌ಬರೋದ ಸಾಮಾನ್ಯ ಸಂಪುಟಗಳಲ್ಲಿ ಹುಡುಕಿ ಸೋಲಬೇಡಿ. ಬೆಂಗಳೂರಿನ ಚರ್ಚುಗಳಿಂದ ಹೋದ ವರದಿಗಳು ಮದ್ರಾಸ್ ಪ್ರೆಸಿಡೆನ್ಸಿಯ ಸಾಲಿನಲ್ಲಿ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಆದರೆ ಆ ಮದುವೆ ವರದಿಗಳು ಇಂಗ್ಲೆಂಡ್‌ನ ಮಾದರಿಯವು. ಅಲ್ಲಿ ಸಾಮಾನ್ಯವಾಗಿ ಸಿಗೋದು ತಂದೆಯ ಹೆಸರು, ತಾಯಿ ಇಲ್ಲ. ಆಗ ಹೀಗೆ ಮಾಡಿ: ಇಲ್ಲಿಗೆ ಬಂದವರ ಅಣ್ಣನೋ ತಂಗಿಯೋ ಸ್ಕಾಟ್ಲೆಂಡ್‌ನಲ್ಲೇ ಉಳಿದಿರುತ್ತಾರಲ್ಲ, ಅವರ ಮದುವೆ ಅಥವಾ ಮರಣ 1855ರ ನಂತರ ಆಗಿದ್ದರೆ ಅದನ್ನು ತೆಗೆಸಿ. ತಾಯಿಯ ಹೆಸರು, ಅವಳ ತವರಿನ ಹೆಸರು ಎರಡೂ ಅದರಲ್ಲಿ ಸಿಗುತ್ತೆ.