ಮಸೂದೆಯನ್ನು ಓದಲು ಬೇಕಾದ ಕಾಲ



ಪ್ರತಿವರ್ಷವೂ ಜುಲೈ 21ರಂದು ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ರೈತರು ಹುತಾತ್ಮರ ಸ್ಮಾರಕದ ಮುಂದೆ ನೆರೆಯುತ್ತಾರೆ. 1980ರ ಅದೇ ದಿನ ನವಲಗುಂದದಲ್ಲಿಯೂ ನೆರೆಯ ನರಗುಂದದಲ್ಲಿಯೂ ಗೋಲೀಬಾರಾಗಿ ರೈತರು ಪ್ರಾಣ ತೆತ್ತರು. ಗಲಭೆಯಲ್ಲಿ ಪೊಲೀಸರೂ ಸತ್ತರು. ಸವದತ್ತಿಯ ಸಮೀಪದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟೆ ಕಟ್ಟಿ ಕಾಲುವೆ ತೋಡಿದ ಮೇಲೆ, ನೀರು ಬಂದು ಭೂಮಿಯ ಬೆಲೆ ಏರಿತೆಂಬ ಕಾರಣದಿಂದ ಸರ್ಕಾರವು ಎಕರೆಯ ಲೆಕ್ಕದಲ್ಲಿ ಅಭಿವೃದ್ಧಿ ಕರವನ್ನು ಕೇಳಿತ್ತು. ಜನರು ಇದನ್ನು ಬೆಟರ್‌ಮೆಂಟ್ ಲೆವಿ ಎಂದೇ ಕರೆಯುತ್ತಿದ್ದರು. ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಕರ ಬಂದಿದೆ ಎಂಬುದು ರೈತರ ದೂರು.

ಆ ಘಟನೆಯ ಕಥೆಯನ್ನು ಹೇಳುವುದು ಈ ಹೊತ್ತಿನ ನಮ್ಮ ಉದ್ದೇಶವಲ್ಲ. ಅದರ ಹಿಂದಿದ್ದ ಒಂದು ತಾರೀಖಿನ ಕಡೆಗೆ ತಮ್ಮ ಗಮನವನ್ನು ಸೆಳೆಯಬೇಕಾಗಿದೆ. ಆ ಕರಕ್ಕೆ ಆಧಾರವಾದುದು ನೀರಾವರಿಯ ಅಭಿವೃದ್ಧಿ ವಂತಿಗೆಯನ್ನೂ ನೀರಿನ ದರವನ್ನೂ ವಿಧಿಸುವ 1957ರ ಮೈಸೂರು ಕಾಯಿದೆ. ಶಾಸನಸಭೆಯಲ್ಲಿ ಸದಸ್ಯರು ಸಮ್ಮತಿಯಿತ್ತ ವರ್ಷಕ್ಕೂ ನವಲಗುಂದದ ರೈತನ ಬಾಗಿಲಿಗೆ ವಸೂಲಿಯ ತಗಾದೆ ಬಂದ ವರ್ಷಕ್ಕೂ ನಡುವೆ ಎರಡು ದಶಕಗಳಿಗೂ ಮಿಗಿಲಾದ ಅಂತರವುಂಟು. ಕೊನೆಗೆ ಸರ್ಕಾರವು ಆ ಕರವನ್ನು ಕೈಬಿಟ್ಟಿತು. ಎರೆಭೂಮಿಗೆ ಕಾಲುವೆಯ ನೀರು ನಿಂತರೆ ಏನಾಗುವುದು, ಫಲ ಕೈಗೆ ಬರುವ ಮೊದಲೇ ಕರ ಕೊಡಬೇಕೇ ಎಂಬ ಪ್ರಶ್ನೆಗಳನ್ನು ಯಾವ ಸಾಗುವಳಿದಾರನೂ ಅರ್ಧ ಗಳಿಗೆಯಲ್ಲಿ ಕೇಳಿಯಾನು. ಅವನು ಕೇಳಬೇಕಾದರೆ ಮಾತ್ರ ಮಸೂದೆಯಲ್ಲಿ ಏನಿದೆಯೆಂದು ಮೊದಲು ಯಾರಾದರೂ ಅವನಿಗೆ ತಿಳಿಸಬೇಕು.

ತಿಳಿಸತಕ್ಕವರು ಯಾರು? ಅವನ ಶಾಸಕರು. ಅವರಿಗೇ ಆ ಕಾಗದ ಮುಂಜಾನೆ ಕೈಸೇರಿ ಸಂಜೆಗೆ ಮತ ಕೇಳಿದರೆ ಅವರು ಯಾರಿಗೆ ತಿಳಿಸುವರು?

ನಿಯಮಗಳೇನೋ ಇವೆ. ಲೋಕಸಭೆಯ ಕಾರ್ಯವಿಧಾನದ 74ನೆಯ ನಿಯಮದಂತೆ, ಮಸೂದೆಯ ಪ್ರತಿಗಳು ಪರ್ಯಾಲೋಚನೆಗೆ ಎರಡು ದಿನ ಮುಂಚೆ ದೊರೆಯದಿದ್ದರೆ ಯಾವ ಸದಸ್ಯನಾದರೂ ಆಕ್ಷೇಪಿಸಬಹುದು. ಆದರೆ ಸಭಾಧ್ಯಕ್ಷರು ಅನುಮತಿಸಿದರೆ ಆ ಆಕ್ಷೇಪವು ನಿಲ್ಲದು. ಬಾಗಿಲಿಗೆ ಅಗುಳಿಯನ್ನಿಟ್ಟು ಅದನ್ನು ತೆಗೆಯುವ ಅಧಿಕಾರವನ್ನೂ ಪಕ್ಕದಲ್ಲಿಯೇ ಇಟ್ಟಂತಾಯಿತು. ಪಿ.ಆರ್.ಎಸ್. ಎಂಬ ದೆಹಲಿಯ ಸಂಶೋಧನ ಸಂಸ್ಥೆಯ ಲೆಕ್ಕದಂತೆ, 2022ರಲ್ಲಿ ರಾಜ್ಯಗಳ ಶಾಸನಸಭೆಗಳು ಅಂಗೀಕರಿಸಿದ ಮಸೂದೆಗಳಲ್ಲಿ ನೂರಕ್ಕೆ 56 ಮಂಡನೆಯಾದ ದಿನವೇ ಅಥವಾ ಮರುದಿನವೇ ಅಂಗೀಕಾರ ಪಡೆದವು.

ನಮ್ಮ ವಿಧಾನಸಭೆಯಲ್ಲಿಯೇ 2020ರ ಡಿಸೆಂಬರ್ 9ರಂದು ಜಾನುವಾರು ವಧೆ ಪ್ರತಿಬಂಧಕ ಮಸೂದೆಯು ಮಂಡನೆಯಾಗಿ, ಅಂದೇ ಗದ್ದಲದ ನಡುವೆ ಅಂಗೀಕಾರವಾಯಿತು. ಕಾರ್ಯಸೂಚಿಯಲ್ಲಿ ಅದು ಇರಲಿಲ್ಲ, ಪ್ರತಿಗಳೂ ಮುಂಚಿತವಾಗಿ ದೊರೆಯಲಿಲ್ಲ ಎಂದು ವಿರೋಧ ಪಕ್ಷದವರು ಆಕ್ಷೇಪಿಸಿದರು. ಆ ಕಾಯಿದೆ ಸರಿಯೋ ತಪ್ಪೋ ಎಂಬ ವಿಚಾರಕ್ಕೆ ನಾವು ಇಲ್ಲಿ ಕೈಹಾಕುವುದಿಲ್ಲ. ಅದನ್ನು ಮನಃಪೂರ್ವಕವಾಗಿ ಬಯಸಿದವರೂ ಇದ್ದಾರೆ, ವಿರೋಧಿಸಿದವರೂ ಇದ್ದಾರೆ. ನಾವು ನೋಡಬೇಕಾದುದು ಅದರ ಒಂದು ಅರ್ಥವಿವರಣೆಯನ್ನು. 1964ರ ಹಳೆಯ ಕಾಯಿದೆಯಲ್ಲಿ 12 ವರ್ಷ ಮೀರಿದ ಎತ್ತು, ಎಮ್ಮೆ, ಕೋಣಗಳನ್ನು ಪ್ರಮಾಣಪತ್ರದ ಮೇಲೆ ವಧೆಗೆ ಕೊಡಲು ಅವಕಾಶವಿತ್ತು. ಹೊಸದರಲ್ಲಿ ಎತ್ತಿಗೆ ವಯಸ್ಸಿನ ಮಿತಿಯೇ ಇಲ್ಲವಾಗಿ, 13 ವರ್ಷದ ಮಿತಿಯು ಎಮ್ಮೆ ಕೋಣಗಳಿಗೆ ಮಾತ್ರ ಅನ್ವಯಿಸಿತು. ಅರ್ಥವಿವರಣೆಯ ಒಂದು ಸಾಲು, ಅಷ್ಟೇ. ಮುದಿ ಎತ್ತನ್ನು ಮಾರಿ, ಬಂದ ಹಣಕ್ಕೆ ಇನ್ನಷ್ಟು ಕೂಡಿಸಿ ಹೊಸ ಜೋಡಿಯನ್ನು ತರುವ ಕುಂದಗೋಳದ ರೈತನ ಲೆಕ್ಕವೆಲ್ಲ ಆ ಸಾಲಿನಲ್ಲಿ ಅಡಗಿತ್ತು. ಅವನು ಕಾಯಿದೆಯ ಪರವಾಗಿಯೇ ಇರಬಹುದು. ಇದ್ದರೂ ಆ ಲೆಕ್ಕವನ್ನು ಅವನಿಗೆ ಮೊದಲೇ ಹೇಳಬೇಕಾಗಿತ್ತಷ್ಟೆ.

ಮಸೂದೆಯನ್ನು ಓದುವುದೆಂದರೆ ವೃತ್ತಪತ್ರಿಕೆಯನ್ನು ಓದಿದಂತಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಪಾಠ ಹೇಳುವುದು ನಮ್ಮ ವೃತ್ತಿ. ತರಗತಿಯಲ್ಲಿ ಒಮ್ಮೆ ತಿದ್ದುಪಡಿ ಮಸೂದೆಯೊಂದನ್ನು ಬುದ್ಧಿವಂತ ವಿದ್ಯಾರ್ಥಿಗಳ ಕೈಗಿತ್ತು ಅರ್ಥ ಹೇಳಿರೆಂದೆವು. ಗಂಟೆ ಹೊಡೆಯುವವರೆಗೂ ಅವರು ತಲೆ ತುರಿಸುತ್ತ ಕುಳಿತಿದ್ದರು. ಅವರ ತಪ್ಪೇನೂ ಇಲ್ಲ. ಭೂಸುಧಾರಣೆಯ 1961ರ ಕಾಯಿದೆಗೆ 2020ರಲ್ಲಿ ಬಂದ ತಿದ್ದುಪಡಿಯನ್ನು ನೋಡಿರಿ. 79ಎ, 79ಬಿ ಪ್ರಕರಣಗಳನ್ನು ಬಿಟ್ಟುಬಿಡತಕ್ಕದ್ದು ಎಂದರೆ ಓದುವವನಿಗೆ ಏನು ತಿಳಿಯಬೇಕು? ಮೂಲ ಕಾಯಿದೆಯನ್ನು ತೆರೆದಾಗಲೇ ಸಂಗತಿ ಹೊರಬೀಳುವುದು. ಕೃಷಿಯೇತರ ವರಮಾನವು ಗೊತ್ತಾದ ಮಿತಿಯನ್ನು ಮೀರಿದವರು ಸಾಗುವಳಿ ಭೂಮಿಯನ್ನು ಕೊಳ್ಳಬಾರದೆಂಬ ತಡೆ ಒಂದರಲ್ಲಿ, ಕೃಷಿಕರಲ್ಲದವರು ಅದನ್ನು ಹೊಂದಬಾರದೆಂಬ ತಡೆ ಇನ್ನೊಂದರಲ್ಲಿ ಇದ್ದವು. ಅವೆರಡೂ ಹೋದುವು. ಹುಬ್ಬಳ್ಳಿ ಧಾರವಾಡಗಳಿಗೆ ಸಮೀಪವಾದ ಕಲಘಟಗಿಯಲ್ಲಿ ಇದನ್ನು ಒಬ್ಬನು ಹೊಲಕ್ಕೆ ಒಳ್ಳೆಯ ಬೆಲೆ ಬಂತೆಂದು ಓದುವನು. ಅವನ ಪಕ್ಕದಲ್ಲಿ ಗೇಣಿಗೆ ಮಾಡುವವನು ತನ್ನ ಕಾಲಡಿಯ ನೆಲ ಜಾರಿತೆಂದು ಓದುವನು. ಈ ಎರಡು ಓದುಗಳೂ ಸಭೆಗೆ ತಲಪಬೇಕು.

ಈ ತಿದ್ದುಪಡಿಗೆ ಕಾಲವೇ ಸಿಕ್ಕಲಿಲ್ಲವೆಂದು ಹೇಳುವುದು ನ್ಯಾಯವಲ್ಲ. ಜುಲೈಯಲ್ಲಿ ಸುಗ್ರೀವಾಜ್ಞೆಯಾಗಿ ಹೊರಟು, ಸೆಪ್ಟೆಂಬರಿನಲ್ಲಿ ವಿಧಾನಸಭೆಯನ್ನೂ ಡಿಸೆಂಬರಿನಲ್ಲಿ ವಿಧಾನ ಪರಿಷತ್ತನ್ನೂ ದಾಟಿತು. ಆದರೆ ಓದು ನಡೆಯುತ್ತಿದ್ದಾಗಲೇ ಕಾನೂನು ಜಾರಿಯಲ್ಲಿತ್ತು. ಲಗ್ನವಾದ ಮೇಲೆ ಜಾತಕ ನೋಡಿದ ಹಾಗೆ.

ಅದೇ ವರ್ಷ ದೆಹಲಿಯಲ್ಲಿ ನಡೆದುದನ್ನೂ ನೆನೆಯಬಹುದು. ಮೂರು ಕೃಷಿ ಮಸೂದೆಗಳು ಸೆಪ್ಟೆಂಬರ್ 14ರಂದು ಲೋಕಸಭೆಗೆ ಬಂದು, 17ರ ಹೊತ್ತಿಗೆ ಅಲ್ಲಿ ಅಂಗೀಕಾರವಾದುವು. ಅವುಗಳಲ್ಲಿ ಎರಡಕ್ಕೆ 20ರಂದು ರಾಜ್ಯಸಭೆಯಲ್ಲಿ ಧ್ವನಿಮತದ ಒಪ್ಪಿಗೆ ದೊರೆಯಿತು. ಅವನ್ನು ರದ್ದುಗೊಳಿಸುವ ಮಸೂದೆಯು 2021ರ ನವೆಂಬರ್ 29ರಂದು ಒಂದೇ ದಿನ ಎರಡು ಸದನಗಳಲ್ಲಿಯೂ ಚರ್ಚೆಯಿಲ್ಲದೆ ಸಾಗಿತು. ಕಟ್ಟುವಾಗಲೂ ಅವಸರ, ಕೆಡಹುವಾಗಲೂ ಅವಸರ. ನಡುವೆ ಒಂದು ವರ್ಷ ರೈತರು ದೆಹಲಿಯ ಹೆದ್ದಾರಿಗಳಲ್ಲಿ ಕುಳಿತಿದ್ದರು.

ನಿಧಾನವು ಹೊಸದಾಗಿ ಹುಟ್ಟಿದ ಯೋಚನೆಯೇನೂ ಅಲ್ಲ. ಧಾರವಾಡವು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಇತ್ತ ಮೈಸೂರು ಸಂಸ್ಥಾನದಲ್ಲಿ 1881ರಲ್ಲಿ ಪ್ರಾರಂಭವಾದ ಪ್ರಜಾಪ್ರತಿನಿಧಿ ಸಭೆಯಿತ್ತು. 1923ರ ಕಾಯಿದೆಯಿಂದ ಅದಕ್ಕೊಂದು ಹಕ್ಕು ದೊರೆಯಿತು: ಮಸೂದೆಯನ್ನು ನ್ಯಾಯವಿಧಾಯಕ ಸಭೆಯಲ್ಲಿ ಮಂಡಿಸುವ ಮುಂಚೆ ಅದರ ಸಾಮಾನ್ಯ ತತ್ತ್ವಗಳ ವಿಷಯದಲ್ಲಿ ಈ ಪ್ರತಿನಿಧಿಗಳ ಅಭಿಪ್ರಾಯವನ್ನು ಕೇಳಬೇಕು. ಒಪ್ಪಲೇಬೇಕೆಂಬ ಕಟ್ಟು ಸರ್ಕಾರಕ್ಕೆ ಇರಲಿಲ್ಲ. ಅದು ಜವಾಬ್ದಾರಿ ಸರ್ಕಾರವೂ ಅಲ್ಲ. ಆದರೂ ಕೇಳುವ ಒಂದು ಮರ್ಯಾದೆಯಿತ್ತು. 2014ರಲ್ಲಿ ಕೇಂದ್ರ ಸರ್ಕಾರವು ಕರಡನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕೆಂದು ನಿರ್ಧರಿಸಿತು. ಅದು ಕಾನೂನಾಗದೆ ಸಂಪ್ರದಾಯದ ಮಟ್ಟದಲ್ಲಿಯೇ ನಿಂತಿತು.

ಇದಕ್ಕೆ ಪ್ರತಿಯಾಗಿ ಹೇಳತಕ್ಕ ಮಾತುಗಳಿಲ್ಲದೆ ಇಲ್ಲ. ಬೆಣ್ಣೆಹಳ್ಳ ಉಕ್ಕಿ ಊರಿಗೆ ನುಗ್ಗಿದಾಗ ಪರಿಹಾರದ ಹಣಕ್ಕೆ ತಿಂಗಳು ಕಾಯಲಾಗದು. ಅಂಥ ಸಂದರ್ಭಕ್ಕೆ ವಿನಾಯಿತಿ ಇರಲಿ. ಕಾರಣವನ್ನು ಬರೆದಿಟ್ಟು ಕೊಡುವ ವಿನಾಯಿತಿಯಾಗಿರಲಿ. ಇನ್ನೊಂದು ಆಕ್ಷೇಪ ಹೆಚ್ಚು ಚುಚ್ಚುವಂಥದು: ತಿಂಗಳು ಕೊಟ್ಟರೂ ನಮ್ಮ ಸದಸ್ಯರು ಓದುವರೇ? ಹಲವರು ಓದಲಾರರೆಂದು ನಾವು ಒಪ್ಪುತ್ತೇವೆ. ಮೂರು ತಿಂಗಳ ಮುಂಚೆ ಪಠ್ಯವನ್ನು ಗೊತ್ತುಮಾಡಿದರೂ ಹಿಂದಿನ ರಾತ್ರಿ ಪುಸ್ತಕ ತೆರೆಯುವ ವಿದ್ಯಾರ್ಥಿಗಳನ್ನು ನಾವು ವರ್ಷವರ್ಷವೂ ಕಾಣುತ್ತೇವೆ. ಆದರೆ ಕಾಲ ಕೊಟ್ಟ ಮೇಲೆ ಓದದವನನ್ನು ಕೇಳಬಹುದು. ಕಾಲವನ್ನೇ ಕೊಡದಿದ್ದರೆ ಓದದವನೂ ಓದಬಯಸಿದವನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ.

ಎಷ್ಟು ಕಾಲ ಬೇಕು? ಹಳ್ಳಿಯ ಅಳತೆಯಲ್ಲಿಯೇ ಹೇಳುವುದಾದರೆ, ಕಡಮೆಯೆಂದರೆ ಒಂದು ಸಂತೆ. ಬೆಂಗಳೂರಿನಲ್ಲಿ ಕೈಗೆ ಬಂದ ಪ್ರತಿಯನ್ನು ಹಿಡಿದು ಸದಸ್ಯನು ನಾನೂರು ಕಿಲೋಮೀಟರಿಗೂ ದೂರದ ತನ್ನ ಕ್ಷೇತ್ರಕ್ಕೆ ಬಂದು, ಅಣ್ಣಿಗೇರಿಯ ಸಂತೆಯಲ್ಲಿಯೋ ಪಂಚಾಯತಿಯ ಕಟ್ಟೆಯ ಮೇಲೆಯೋ ಕಡಲೆ ಹತ್ತಿ ಬೆಳೆಯುವವರ ಮಾತು ಕೇಳಿ, ಹಿಂದಿರುಗುವಷ್ಟು ಅವಧಿ. ಅದಕ್ಕಾಗಿ ಸಭೆ ಕುಳಿತುಕೊಳ್ಳುವ ದಿನಗಳೂ ಹೆಚ್ಚಬೇಕು. ವರ್ಷಕ್ಕೆ ಕಡಮೆಯೆಂದರೆ 60 ದಿನ ಕುಳಿತುಕೊಳ್ಳಬೇಕೆಂದು 2005ರಲ್ಲಿ ಕರ್ನಾಟಕದ ಶಾಸನಸಭೆಯೇ ಕಾಯಿದೆ ಮಾಡಿಕೊಂಡಿದೆ. 2022ರಲ್ಲಿ ಕುಳಿತದ್ದು 45 ದಿನ. ದೇಶದ ರಾಜ್ಯಗಳಲ್ಲಿ ಆ ವರ್ಷ ಅದೇ ಅತ್ಯಧಿಕವಾಗಿತ್ತು.