ಗುರುಗಳಿಗೆ ಗುರುಗಳಾದವರು: ನೆರೆಮನೆಯಿಂದೊಂದು ಪಾಠ

(ಜಮಾಅತ್ ಸಮಿತಿಗಳ ಪದಾಧಿಕಾರಿಗಳು ಮತ್ತು ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



‘ಉತ್ತಮ ಇಮಾಮರನ್ನು ರೂಪಿಸುವುದು ಹೇಗೆ?’ ಎಂಬ ವಿಷಯದ ಬಗ್ಗೆ ಮಾತನಾಡಲು ನನಗೆ ಸೂಚಿಸಲಾಗಿದೆ. ಈ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಅಡಗಿದೆ. ಇಮಾಮರಿಗೆ ಕಲಿಸುವವರು ಯಾರು? ಅವರನ್ನು ನಾವು ಹೇಗೆ ನಡೆಸಿಕೊಳ್ಳುತ್ತಿದ್ದೇವೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವ ಮೊದಲು ನಮ್ಮ ನೆರೆಮನೆಗೊಮ್ಮೆ ಹೋಗಿಬರೋಣ. ಕ್ರೈಸ್ತ ಸಮುದಾಯವು ತನ್ನ ಪಾದ್ರಿಗಳನ್ನು, ಸಭಾಪಾಲಕರನ್ನು ತರಬೇತುಗೊಳಿಸುವ ವಿದ್ವಾಂಸರನ್ನು ಹೇಗೆ ಬೆಳೆಸಿತು ಎಂಬುದನ್ನು ನೋಡೋಣ.

ನೆರೆಮನೆಯ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಪವಿತ್ರ ಕುರ್‌ಆನ್ ಅಲ್ ಮಾಇದಃ ಅಧ್ಯಾಯದಲ್ಲಿ, ವಿಶ್ವಾಸಿಗಳೊಂದಿಗೆ ಪ್ರೀತಿಯಲ್ಲಿ ಹೆಚ್ಚು ನಿಕಟರಾದವರೆಂದು ಕ್ರೈಸ್ತರನ್ನು ಹೆಸರಿಸಿ, ಅದಕ್ಕೆ ಕಾರಣವನ್ನೂ ಹೇಳಿದೆ. ಅವರಲ್ಲಿ ವಿದ್ವಾಂಸರೂ ಸನ್ಯಾಸಿಗಳೂ ಇದ್ದಾರೆ, ಅವರು ಅಹಂಕಾರ ಪಡುವುದಿಲ್ಲ ಎಂಬುದೇ ಆ ಕಾರಣ. ಅದೇ ಕುರ್‌ಆನ್ ಅತ್ತೌಬಃ ಅಧ್ಯಾಯದಲ್ಲಿ, ಧರ್ಮಗುರುಗಳನ್ನು ಪ್ರಭುಗಳ ಸ್ಥಾನಕ್ಕೇರಿಸುವುದನ್ನು ಕಠಿಣವಾಗಿ ಖಂಡಿಸಿದೆ. ಗುರುವನ್ನು ದೇವರಾಗಿಸಬಾರದು, ಕೂಲಿಯಾಳಾಗಿಸಲೂ ಬಾರದು. ನಾವು ಮೊದಲನೆಯ ತಪ್ಪಿನಿಂದ ಪಾರಾಗಿದ್ದೇವೆಂದು ಹೆಮ್ಮೆಪಡುತ್ತಾ ಎರಡನೆಯದರೊಳಗೆ ಬಿದ್ದಿದ್ದೇವೆಯೇ ಎಂಬುದೇ ಇಂದಿನ ನನ್ನ ಆತಂಕ.

ಬಂಧುಗಳೇ,

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಬಾಸೆಲ್ ಮಿಶನ್ ಸ್ಥಾಪನೆಯಾಯಿತು. ಅಲ್ಲಿನ ಸೆಮಿನರಿಗೆ ನಮ್ಮ ನಾಡಿನೊಂದಿಗೆ ಗಾಢವಾದ ನಂಟಿದೆ. ಅಲ್ಲಿಂದ ಹೊರಬಂದ ಕಾರ್ಲ್ ಗೊಟ್ಲೀಬ್ ಫಾಂಡರ್ ಉತ್ತರ ಭಾರತಕ್ಕೆ ಹೋದರು. ಹರ್ಮನ್ ಮೋಗ್ಲಿಂಗ್ ಮತ್ತು ಫರ್ಡಿನಾಂಡ್ ಕಿಟೆಲ್ ಕನ್ನಡ ನಾಡಿಗೆ ಬಂದರು. ಈ ಮೂವರ ಕಥೆಯಲ್ಲಿ ನಮಗೆ ಪಾಠವಿದೆ.

ಫಾಂಡರ್ ‘ಮೀಝಾನುಲ್ ಹಖ್’ ಎಂಬ ಗ್ರಂಥವನ್ನು ರಚಿಸಿ ಇಸ್ಲಾಮಿನ ವಿರುದ್ಧ ವಾದ ಹೂಡಿದರು. 1854ರ ಎಪ್ರಿಲ್‌ನಲ್ಲಿ ಆಗ್ರಾದಲ್ಲಿ ಮೌಲಾನಾ ರಹ್ಮತುಲ್ಲಾ ಕೈರಾನವಿ ಅವರೊಂದಿಗೆ ಬಹಿರಂಗ ಸಂವಾದ ನಡೆಯಿತು. ಐದು ವಿಷಯಗಳು ನಿಗದಿಯಾಗಿದ್ದವು. ಎರಡು ದಿನಗಳಲ್ಲಿ ಮೊದಲ ಎರಡು ವಿಷಯಗಳ ಚರ್ಚೆ ಮಾತ್ರ ನಡೆದು ಸಂವಾದ ನಿಂತುಹೋಯಿತು. ಬೈಬಲಿನ ಪ್ರತಿಗಳಲ್ಲಿ ಪಾಠಭೇದಗಳಿವೆಯೆಂದು ಫಾಂಡರ್ ಒಪ್ಪಬೇಕಾಯಿತು. ಈ ವಿಜಯವನ್ನು ನಮ್ಮ ವೇದಿಕೆಗಳಲ್ಲಿ ನಾವು ಬಹಳ ಸಲ ಕೇಳಿದ್ದೇವೆ. ಆದರೆ ಎರಡು ಸಂಗತಿಗಳನ್ನು ಅಷ್ಟಾಗಿ ಕೇಳಿಲ್ಲ.

ಮೊದಲನೆಯದು, ಮೌಲಾನಾ ಕೈರಾನವಿ ಅವರ ಗೆಲುವು ಬರೇ ವಾಕ್ಚಾತುರ್ಯದಿಂದ ಬಂದುದಲ್ಲ. ಅವರ ಜೊತೆಗೆ ಡಾ. ವಝೀರ್ ಖಾನ್ ಎಂಬ ವೈದ್ಯರಿದ್ದರು. ವೈದ್ಯಕೀಯ ಕಲಿಕೆಗಾಗಿ ಇಂಗ್ಲೆಂಡಿಗೆ ಹೋಗಿದ್ದ ಅವರು ಬೈಬಲ್ ಕುರಿತ ಯುರೋಪಿಯನ್ ವಿದ್ವಾಂಸರ ಗ್ರಂಥಗಳನ್ನು ಸಂಗ್ರಹಿಸಿ ತಂದಿದ್ದರು. ಒಬ್ಬ ಆಲಿಮ್ ಮತ್ತು ಒಬ್ಬ ವೈದ್ಯ ಒಟ್ಟಿಗೆ ಕುಳಿತು ಎದುರಾಳಿಯ ಗ್ರಂಥಗಳನ್ನು ಅವರವರ ವಿದ್ವಾಂಸರ ಬರಹಗಳ ಮೂಲಕವೇ ಅಭ್ಯಾಸ ಮಾಡಿದ್ದರು. ಇಂದು ನಮ್ಮ ಮದ್ರಸಾ ಮತ್ತು ನಮ್ಮ ಕಾಲೇಜುಗಳು ಹೀಗೆ ಒಂದೇ ಮೇಜಿನ ಮುಂದೆ ಕುಳಿತುಕೊಳ್ಳುತ್ತಿವೆಯೇ?

ಎರಡನೆಯದು, ಆ ಸಂವಾದದ ನಂತರ ನಡೆದದ್ದು. ಅಂದು ಫಾಂಡರ್ ಅವರ ಪಕ್ಕದಲ್ಲಿ ಕುಳಿತಿದ್ದ ಥಾಮಸ್ ಫ್ರೆಂಚ್ ಎಂಬ ತರುಣ ಪಾದ್ರಿ, 1870ರಲ್ಲಿ ಲಾಹೋರಿನಲ್ಲಿ ದೇವಶಾಸ್ತ್ರ ಶಾಲೆಯೊಂದನ್ನು ತೆರೆದರು. ಅಲ್ಲಿ ಹೀಬ್ರೂ ಮತ್ತು ಗ್ರೀಕ್ ಮೂಲಗಳನ್ನು ಕಲಿಸಲಾಯಿತು. ಬೋಧನೆಯ ಭಾಷೆ ಉರ್ದು ಆಗಿತ್ತು. ಇತ್ತ ಮೌಲಾನಾ ಕೈರಾನವಿಯವರು 1857ರ ಬಳಿಕ ಬ್ರಿಟಿಷರ ಕೋಪಕ್ಕೆ ಗುರಿಯಾಗಿ ಮಕ್ಕಾ ಸೇರಿದರು. 1870ರ ದಶಕದಲ್ಲಿ ಅಲ್ಲಿ ‘ಮದ್ರಸಾ ಸೌಲತಿಯ್ಯಾ’ವನ್ನು ಸ್ಥಾಪಿಸಿದರು. ಅದಕ್ಕೆ ಹಣ ನೀಡಿದವರು ಕಲ್ಕತ್ತಾದ ಸೌಲತುನ್ನಿಸಾ ಎಂಬ ಮಹಿಳೆ. ಮದ್ರಸಾದ ಹೆಸರೇ ಅವರ ಹೆಸರು. ನೋಡಿ, ಸೋತವರ ಕಡೆಯವರೂ ಶಾಲೆ ಕಟ್ಟಿದರು, ಗೆದ್ದವರೂ ಶಾಲೆ ಕಟ್ಟಿದರು. ನಾವು ಮಾತ್ರ ಗೆಲುವಿನ ಕಥೆಯನ್ನು ಇಟ್ಟುಕೊಂಡು ಶಾಲೆಯ ಕಥೆಯನ್ನು ಮರೆತೆವು!

ಇನ್ನು ಕನ್ನಡ ನಾಡಿಗೆ ಬರೋಣ. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದರೆಂಬುದು ನನ್ನಂಥ ಪತ್ರಕರ್ತರಿಗೆಲ್ಲ ಬಾಯಿಪಾಠ. ಆದರೆ ಅದೇ ಮೋಗ್ಲಿಂಗ್ 1847ರಲ್ಲಿ ಸ್ಥಳೀಯ ಉಪದೇಶಕರನ್ನು ತರಬೇತುಗೊಳಿಸುವ ಸೆಮಿನರಿಯನ್ನು ಆರಂಭಿಸಿದರು. ಅದು 1965ರಲ್ಲಿ ತುಮಕೂರಿನ ಸೆಮಿನರಿಯೊಂದಿಗೆ ಸೇರಿ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಆಯಿತು. ಕಿಟೆಲ್ ಅವರು ಸ್ಥಳೀಯ ಪಂಡಿತರ ನೆರವಿನಿಂದ ದಶಕಗಳ ಕಾಲ ದುಡಿದು 1894ರಲ್ಲಿ ಪ್ರಕಟಿಸಿದ ನಿಘಂಟು ಇಂದಿಗೂ ಕನ್ನಡಿಗರ ಮೇಜಿನ ಮೇಲಿದೆ. ಕೆಥೋಲಿಕರು 1879ರಲ್ಲಿ ಮಂಗಳೂರಿನಲ್ಲಿ ಸಂತ ಜೋಸೆಫ್ ಸೆಮಿನರಿಯನ್ನು ಪ್ರಾರಂಭಿಸಿದರು. ಅದೇ ಕಾಲದಲ್ಲಿ ಜೆಸುಯಿತ್ ವಿದ್ವಾಂಸ ಆಂಜೆಲೊ ಮಾಫೆಯಿ ಕೊಂಕಣಿಗೆ ವ್ಯಾಕರಣವನ್ನೂ ನಿಘಂಟನ್ನೂ ಬರೆದರು.

ಮತಪ್ರಚಾರವೇ ಇವರೆಲ್ಲರ ಗುರಿಯಾಗಿತ್ತು. ವಸಾಹತು ಆಡಳಿತದ ನೆರಳೂ ಅವರ ಬೆನ್ನಿಗಿತ್ತು. ಇದನ್ನು ಮರೆಮಾಚಬೇಕಾಗಿಲ್ಲ. ಆದರೆ ಜನರನ್ನು ತಲುಪಬೇಕಾದರೆ ಜನರ ಭಾಷೆಯನ್ನು ಕಲಿಯಬೇಕು, ಕಲಿಸುವವನು ತನ್ನ ಶಿಷ್ಯನಿಗಿಂತ ಹೆಚ್ಚು ಕಲಿಯಬೇಕು ಎಂಬ ಅವರ ನಿಷ್ಠೆಯನ್ನು ಅಲ್ಲಗಳೆಯಲು ಯಾರಿಗೂ ಸಾಧ್ಯವಿಲ್ಲ.

ಇಂದು ಸಭಾಪಾಲಕನಾಗಲು ಬಯಸುವ ಯುವಕ ಏನನ್ನು ಕಲಿಯುತ್ತಾನೆ? ಪ್ರೊಟೆಸ್ಟೆಂಟ್ ಕಾಲೇಜುಗಳಲ್ಲಿ ಹಲವು, ಬಂಗಾಳದ ಸೆರಾಂಪುರದ ಸೆನೆಟ್ ನೀಡುವ ಬಿ.ಡಿ. ಪದವಿಗೆ ವಿದ್ಯಾರ್ಥಿಗಳನ್ನು ಸಿದ್ಧಗೊಳಿಸುತ್ತವೆ. ಡೆನ್ಮಾರ್ಕಿನ ದೊರೆ 1827ರಲ್ಲಿ ನೀಡಿದ ಸನದಿನಿಂದ ಸೆರಾಂಪುರ ಕಾಲೇಜಿಗೆ ಪದವಿ ನೀಡುವ ಅಧಿಕಾರ ದೊರಕಿತ್ತು. ಬೈಬಲಿನ ಎರಡೂ ಒಡಂಬಡಿಕೆಗಳು, ಮೂಲಭಾಷೆಗಳು, ಸಭೆಯ ಇತಿಹಾಸ, ನೀತಿಶಾಸ್ತ್ರ, ಪ್ರಸಂಗ ಕಲೆ, ನೊಂದವರಿಗೆ ಸಾಂತ್ವನ ಹೇಳುವ ವಿಧಾನ, ಇಸ್ಲಾಮ್ ಮತ್ತು ಹಿಂದೂ ಧರ್ಮವೂ ಸೇರಿದಂತೆ ಇತರ ಧರ್ಮಗಳ ಪರಿಚಯ ಇವೆಲ್ಲ ಪಾಠಪಟ್ಟಿಯಲ್ಲಿವೆ. ಇವನ್ನು ಕಲಿಸುವವರು ತಂತಮ್ಮ ವಿಷಯದಲ್ಲಿ ಉನ್ನತ ಪದವಿ ಪಡೆದವರು. ಸಿ.ಎಸ್.ಐ.ಯಂಥ ಸಭೆಗಳು ಮಹಿಳೆಯರಿಗೂ ಪೌರೋಹಿತ್ಯದ ದೀಕ್ಷೆ ನೀಡುತ್ತವೆ. ಸೆಮಿನರಿಗಳಲ್ಲಿ ಕಲಿಯುವವರಲ್ಲಿಯೂ ಕಲಿಸುವವರಲ್ಲಿಯೂ ಮಹಿಳೆಯರಿದ್ದಾರೆ. ಕೆಥೋಲಿಕರಲ್ಲಿ ತತ್ವಶಾಸ್ತ್ರ, ದೇವಶಾಸ್ತ್ರಗಳೆಂದು ಹಲವು ವರ್ಷಗಳ ದೀರ್ಘ ತರಬೇತಿಯಿದೆ. 1992ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಹೊರಡಿಸಿದ ದಾಖಲೆಯು ಈ ತರಬೇತಿಗೆ ನಾಲ್ಕು ಮುಖಗಳನ್ನು ಗುರುತಿಸಿತು: ಮಾನವೀಯ, ಆಧ್ಯಾತ್ಮಿಕ, ಬೌದ್ಧಿಕ ಮತ್ತು ಜನಸೇವೆಯ ತರಬೇತಿ. ಬುದ್ಧಿಯ ತರಬೇತಿ ನಾಲ್ಕರಲ್ಲಿ ಒಂದು ಮಾತ್ರ ಎಂಬುದನ್ನು ಗಮನಿಸಿ.

ಈ ಪರಂಪರೆಯಿಂದ ಮೂಡಿಬಂದ ನಮ್ಮ ಜಿಲ್ಲೆಯ ಒಬ್ಬ ವಿದ್ವಾಂಸರನ್ನು ಇಲ್ಲಿ ನೆನೆಯಲೇಬೇಕು. ಡಾ. ಸ್ಟ್ಯಾನ್ಲಿ ಸಮರ್ಥ 1920ರಲ್ಲಿ ಕಾರ್ಕಳದಲ್ಲಿ ಜನಿಸಿದರು. ಮಂಗಳೂರಿನ ಸೆಮಿನರಿಯಲ್ಲಿ ಅಧ್ಯಾಪಕರಾಗಿ, ನಂತರ ಪ್ರಾಂಶುಪಾಲರಾಗಿ ಸೇವೆ ಸಲ್ಲಿಸಿದರು. ಬೆಂಗಳೂರಿನಲ್ಲಿಯೂ ಸೆರಾಂಪುರದಲ್ಲಿಯೂ ಕಲಿಸಿದರು. ಜಿನೀವಾದ ಜಾಗತಿಕ ಚರ್ಚುಗಳ ಒಕ್ಕೂಟವು 1971ರಲ್ಲಿ ಇತರ ಧರ್ಮೀಯರೊಂದಿಗೆ ಸಂವಾದಕ್ಕಾಗಿ ವಿಭಾಗವೊಂದನ್ನು ಸ್ಥಾಪಿಸಿದಾಗ ಅದರ ಮೊದಲ ನಿರ್ದೇಶಕರಾದರು. 1972ರಲ್ಲಿ ಲೆಬನಾನಿನ ಬ್ರುಮ್ಮಾನಾದಲ್ಲಿ ಮುಸ್ಲಿಮ್ ಮತ್ತು ಕ್ರೈಸ್ತ ವಿದ್ವಾಂಸರು ಒಟ್ಟಿಗೆ ಕುಳಿತು ಮಾತನಾಡಿದ್ದು ಆ ವಿಭಾಗದ ಪ್ರಯತ್ನದಿಂದಲೇ. ಬಾಸೆಲ್ ಸೆಮಿನರಿಯಿಂದ ಹೊರಟ ಒಂದು ದಾರಿ ಆಗ್ರಾದ ವಾದಕ್ಕೆ ಮುಟ್ಟಿದರೆ, ಮಂಗಳೂರಿನ ಮೂಲಕ ಹೋದ ಇನ್ನೊಂದು ದಾರಿ ಸಂವಾದಕ್ಕೆ ಮುಟ್ಟಿತು. ಸಮರ್ಥರ ವಿಚಾರಗಳನ್ನು ಅವರ ಸಮುದಾಯದೊಳಗೇ ಹಲವರು ಒಪ್ಪಲಿಲ್ಲ. ಆದರೂ ಚಿಂತಿಸುವ ಅಧ್ಯಾಪಕನಿಗೆ ಅವರಲ್ಲಿ ಜಾಗವಿತ್ತು.

ಹೈದರಾಬಾದಿನ ಹೆನ್ರಿ ಮಾರ್ಟಿನ್ ಇನ್‌ಸ್ಟಿಟ್ಯೂಟ್ ಕೂಡ ಇಂತಹದೇ ಬದಲಾವಣೆಯನ್ನು ಕಂಡಿದೆ. ಮುಸ್ಲಿಮರ ನಡುವೆ ಮತಪ್ರಚಾರ ಮಾಡುವವರನ್ನು ಸಿದ್ಧಗೊಳಿಸಲು 1930ರಲ್ಲಿ ಲಾಹೋರಿನಲ್ಲಿ ಆರಂಭವಾದ ಸಂಸ್ಥೆ ಅದು. ಮುಂದೆ ಹೈದರಾಬಾದಿಗೆ ಬಂದು, ಇಸ್ಲಾಮಿನ ಗಂಭೀರ ಅಧ್ಯಯನದ ಜೊತೆಗೆ, ಕೋಮುಗಲಭೆಯಿಂದ ನೊಂದ ಹಳೆಯ ನಗರದಲ್ಲಿ ಸೌಹಾರ್ದದ ಕೆಲಸಕ್ಕೂ ಕೈಹಾಕಿತು.

ಬಂಧುಗಳೇ, ಅವರದೆಲ್ಲವೂ ಸರಿ, ನಮ್ಮದೆಲ್ಲವೂ ತಪ್ಪು ಎಂದು ಹೇಳಲು ನಾನಿಲ್ಲಿ ನಿಂತಿಲ್ಲ. ಬಗ್ದಾದಿನ ನಿಝಾಮಿಯ್ಯಾದಲ್ಲಿ ಇಮಾಮ್ ಗಝ್ಝಾಲಿ(ರ) 1091ರಲ್ಲಿ ಬೋಧಕರಾದಾಗ ಯುರೋಪಿನ ವಿಶ್ವವಿದ್ಯಾನಿಲಯಗಳು ಇನ್ನೂ ಕಣ್ಣು ಬಿಡುತ್ತಿದ್ದವು. ನಾಲ್ಕು ವರ್ಷಗಳ ನಂತರ, ತನ್ನ ಬೋಧನೆ ಅಲ್ಲಾಹನಿಗಾಗಿಯೋ ಕೀರ್ತಿಗಾಗಿಯೋ ಎಂದು ಆತ್ಮವಿಮರ್ಶೆ ಮಾಡಿಕೊಂಡು ಆ ಪೀಠವನ್ನೇ ಬಿಟ್ಟು ನಡೆದರು ಅವರು. ಲಕ್ನೋದ ಫಿರಂಗಿ ಮಹಲ್‌ನ ಮುಲ್ಲಾ ನಿಝಾಮುದ್ದೀನ್ ಹದಿನೆಂಟನೇ ಶತಮಾನದಲ್ಲಿ ತನ್ನ ಕಾಲಕ್ಕೆ ತಕ್ಕ ಪಾಠಪಟ್ಟಿಯನ್ನು ರೂಪಿಸಿದರು. ಅವರು ಮಾಡಿದಂತೆ ಮಾಡುವುದೆಂದರೆ ನಮ್ಮ ಕಾಲಕ್ಕೆ ತಕ್ಕುದನ್ನು ರೂಪಿಸುವುದೇ ಹೊರತು, ಅವರ ಪಟ್ಟಿಯನ್ನು ಮುಟ್ಟದೆ ಕಾಯುವುದಲ್ಲ.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ನನಗೆ ಅರಬಿ ವ್ಯಾಕರಣ ಕಲಿಸಿದ ಉಸ್ತಾದರು ಮಸೀದಿಯೊಂದರ ದರ್ಸ್‌ನಲ್ಲಿ ಹತ್ತೊಂಬತ್ತು ವರ್ಷ ಕಲಿಸಿದರು. ಅವರ ಶಿಷ್ಯರಲ್ಲಿ ಅನೇಕರು ಇಂದು ಖತೀಬರಾಗಿದ್ದಾರೆ. ಅವರಿಗೆ ಪಾರ್ಶ್ವವಾಯು ತಗುಲಿ ಮಾತು ತೊದಲತೊಡಗಿದಾಗ, ಸಮಿತಿಯು ಒಂದು ತಿಂಗಳ ಸಂಬಳ ಮತ್ತು ಒಂದು ಶಾಲು ಕೊಟ್ಟು ಕಳುಹಿಸಿತು. ಆಗ ನಾನು ಪತ್ರಕರ್ತನಾಗಿದ್ದೆ. ಇತರರ ಅನ್ಯಾಯದ ಬಗ್ಗೆ ವಾರವಾರವೂ ಬರೆಯುತ್ತಿದ್ದೆ. ನಮ್ಮ ಮನೆಯ ಮಾತು ಬೀದಿಗೇಕೆ ಎಂದು ಇದರ ಬಗ್ಗೆ ಒಂದಕ್ಷರವನ್ನೂ ಬರೆಯಲಿಲ್ಲ. ನಾನು ಭೇಟಿಗೆ ಹೋದಾಗ ಅವರು ದೂರು ಹೇಳಲಿಲ್ಲ. ‘ಮಗನೇ, ನನ್ನ ಕಿತಾಬುಗಳನ್ನು ಯಾರಿಗೆ ಕೊಡಲಿ? ಮಳೆಗಾಲ ಬಂದರೆ ಒದ್ದೆಯಾಗುತ್ತವೆ’ ಎಂದಷ್ಟೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ಗ್ರಂಥಗಳನ್ನು ಇರಿಸಿಕೊಳ್ಳುವ ಒಂದು ಕಪಾಟೂ ನಮ್ಮ ಇಡೀ ಜಮಾಅತ್‌ನಲ್ಲಿ ಇರಲಿಲ್ಲ.

ಕೆಲವು ತಿಂಗಳ ನಂತರ ಲೇಖನವೊಂದರ ಕೆಲಸಕ್ಕಾಗಿ ಬಲ್ಮಠದ ಕಾಲೇಜಿನ ಪತ್ರಾಗಾರಕ್ಕೆ ಹೋದೆ. ನೂರೈವತ್ತು ವರ್ಷಗಳ ಹಿಂದಿನ ಕಾಗದಗಳನ್ನು ಅಲ್ಲಿ ಜತನದಿಂದ ಕಾಪಾಡಿದ್ದರು. ಆ ಹಾಳೆಗಳನ್ನು ಮಗುಚುತ್ತಿದ್ದಾಗ ನನ್ನ ಉಸ್ತಾದರ ಪ್ರಶ್ನೆ ಮತ್ತೆ ಕಿವಿಯಲ್ಲಿ ಮೊಳಗಿತು. ಅಂದು ನನಗಾದ ನಾಚಿಕೆಯನ್ನೇ ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಸಾಚಾರ್ ಸಮಿತಿಯು 2006ರ ತನ್ನ ವರದಿಯಲ್ಲಿ, ಶಾಲಾ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಮದ್ರಸಾಗಳಿಗೆ ಹೋಗುವವರು ಸುಮಾರು ಶೇ. 3 ಮಾತ್ರ ಎಂದು ತಿಳಿಸಿತು. ಮದ್ರಸಾಗಳ ಬಗ್ಗೆ ಭಯ ಹಬ್ಬಿಸುವವರಿಗೆ ಅದು ತಕ್ಕ ಉತ್ತರ. ಆದರೆ ನಮಗೂ ಅದರಲ್ಲೊಂದು ಪ್ರಶ್ನೆಯಿದೆ. ಉಳಿದ ಮಕ್ಕಳೆಲ್ಲರಿಗೂ ಜುಮಾದ ಮಿಂಬರ್‌ನಿಂದ ಮಾರ್ಗದರ್ಶನ ನೀಡುವವರು ಇದೇ ಸಣ್ಣ ಗುಂಪಿನಿಂದ ಬರಬೇಕಾದವರು. ಅವರಿಗೆ ಕಲಿಸುವವರನ್ನೇ ನಾವು ಹಸಿವಿನಲ್ಲಿಟ್ಟರೆ ನಾಳೆ ನಮ್ಮ ಮಕ್ಕಳಿಗೆ ದಾರಿ ತೋರುವವರು ಯಾರು? 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರಿನ ಸುತ್ತಮುತ್ತ ಚರ್ಚುಗಳ ಮೇಲೆ ದಾಳಿಗಳಾದುದನ್ನು ನಾವು ಕಂಡಿದ್ದೇವೆ. ದ್ವೇಷದ ರಾಜಕೀಯವು ಅವರ ಬಾಗಿಲನ್ನೂ ತಟ್ಟುತ್ತದೆ, ನಮ್ಮ ಬಾಗಿಲನ್ನೂ ತಟ್ಟುತ್ತದೆ. ಅಂತಹ ಹೊತ್ತಿನಲ್ಲಿ ಜನರನ್ನು ಸಮಾಧಾನದಿಂದ ಹಿಡಿದು ನಿಲ್ಲಿಸಲು ಬೇಕಾದ ವಿವೇಕವುಳ್ಳ ಧಾರ್ಮಿಕ ನಾಯಕನು ಒಂದು ರಾತ್ರಿಯಲ್ಲಿ ತಯಾರಾಗುವುದಿಲ್ಲ.

ಆದ್ದರಿಂದ ನನ್ನ ವಿನಂತಿಗಳು ಕೆಲವೇ. ದರ್ಸ್‌ನ ಅಧ್ಯಾಪಕರಿಗೆ ಸರಕಾರಿ ಶಾಲೆಯ ಶಿಕ್ಷಕರಿಗೆ ಸಮನಾದ ವೇತನ ಮತ್ತು ನಿವೃತ್ತಿ ನಿಧಿಯನ್ನು ಕೆಲವು ಜಮಾಅತ್‌ಗಳು ಒಟ್ಟು ಸೇರಿ ಏರ್ಪಡಿಸಲಿ. ನಮ್ಮ ವಿದ್ಯಾರ್ಥಿಗಳಿಗೆ ಕನ್ನಡವನ್ನು ಪರೀಕ್ಷೆಗಾಗಿ ಅಲ್ಲ, ಮಿಂಬರ್‌ಗಾಗಿ ಕಲಿಸೋಣ. ರೋಗಿಯ ಮಂಚದ ಬಳಿ, ಒಡೆದ ಸಂಸಾರದ ಮುಂದೆ ಏನು ಮಾತನಾಡಬೇಕು ಎಂಬುದು ಪಾಠಪಟ್ಟಿಯ ಭಾಗವಾಗಲಿ. ಕ್ರೈಸ್ತ, ಹಿಂದೂ ಧರ್ಮಗಳನ್ನು ಆಯಾ ಧರ್ಮದ ವಿದ್ವಾಂಸರನ್ನೇ ಆಹ್ವಾನಿಸಿ ಪರಿಚಯಿಸೋಣ. ನಜ್ರಾನಿನ ಕ್ರೈಸ್ತ ನಿಯೋಗವನ್ನು ತನ್ನ ಮಸೀದಿಯಲ್ಲೇ ಬರಮಾಡಿಕೊಂಡ ಪ್ರವಾದಿವರ್ಯರ(ಸ) ಅನುಯಾಯಿಗಳು ನಾವು. ಹಝ್ರತ್ ಆಯಿಶಾ(ರ) ಅವರಿಂದ ಸಹಾಬಿಗಳು ಕಲಿತ ಸಮುದಾಯದಲ್ಲಿ ವಿದುಷಿಯರಿಗೆ ಬೋಧನೆಯ ಬಾಗಿಲು ಮುಚ್ಚಿರಬಾರದು. ಕೊನೆಯದಾಗಿ, ಪ್ರತಿ ಮಸೀದಿಯಲ್ಲೂ ಗ್ರಂಥಗಳಿಗೊಂದು ಕಪಾಟಿರಲಿ.

ಹಣ ಎಲ್ಲಿಂದ ಎಂದು ಸಮಿತಿಯವರು ಕೇಳುವಿರಿ. ಮಸೀದಿಯ ಅಮೃತಶಿಲೆಗೆ, ಮಿನಾರಗಳಿಗೆ, ನಿಕಾಹ್‌ನ ಔತಣಕ್ಕೆ ಎಲ್ಲಿಂದ ಬಂತೋ ಅಲ್ಲಿಂದಲೇ. ಸೌಲತುನ್ನಿಸಾರಂತಹ ತಾಯಂದಿರು ಈ ಸಭೆಯಲ್ಲಿಯೂ ಇದ್ದಾರೆಂದು ನಾನು ನಂಬುತ್ತೇನೆ.

ಪ್ರತಿಯೊಂದು ಸಮೂಹದಿಂದ ಒಂದು ತಂಡವು ಧರ್ಮದ ಆಳವಾದ ತಿಳುವಳಿಕೆ ಪಡೆದು ತನ್ನ ಜನರನ್ನು ಎಚ್ಚರಿಸಬೇಕೆಂದು ಕುರ್‌ಆನ್ ಆದೇಶಿಸಿದೆ. ಆ ತಂಡವನ್ನು ಕಳುಹಿಸಿಕೊಟ್ಟು ಅವರ ಬೆನ್ನಿಗೆ ನಿಲ್ಲುವ ಹೊಣೆ ಉಳಿದವರದು, ಅಂದರೆ ನಿಮ್ಮದು ಮತ್ತು ನನ್ನದು.

ನನ್ನ ಉಸ್ತಾದರು ಈಗಲೂ ಬದುಕಿದ್ದಾರೆ. ಅವರ ಕಿತಾಬುಗಳು ಸದ್ಯ ನನ್ನ ಮನೆಯಲ್ಲಿವೆ. ಅವುಗಳನ್ನು ಇರಿಸಿಕೊಳ್ಳಲು ಯಾವ ಜಮಾಅತ್ ಸಿದ್ಧವಿದೆಯೋ ಅದು ಈ ಸಭೆ ಮುಗಿಯುವ ಮೊದಲು ನನಗೆ ತಿಳಿಸಲಿ. ಅಲ್ಲಾಹನು ನಮ್ಮ ಗುರುಗಳ ಹಕ್ಕನ್ನು ಸಲ್ಲಿಸುವ ಭಾಗ್ಯವನ್ನು ನಮಗೆ ಕರುಣಿಸಲಿ. ಆಮೀನ್.

ವಆಖಿರು ದಅ್‌ವಾನಾ ಅನಿಲ್ ಹಮ್ದುಲಿಲ್ಲಾಹಿ ರಬ್ಬಿಲ್ ಆಲಮೀನ್.